ಒರಳುಕಲ್ಲೂ ಶಿಲ್ಪವೇ?

ಕಳೆದ ಶ್ರಾವಣದಲ್ಲಿ ನಮ್ಮ ಕಾಲೇಜಿನ ಕನ್ನಡ ಸಂಘದ ಆಶ್ರಯದಲ್ಲಿ ನಡೆದ ಸಂಜೆಯ ಉಪನ್ಯಾಸವನ್ನು ಗೆಳೆಯರು ಮರೆತಿರಲಾರರು. ಇತಿಹಾಸದ ಅಧ್ಯಾಪಕರೊಬ್ಬರು ಸಭಾಂಗಣದ ಗೋಡೆಯ ಮೇಲೆ ಚಿತ್ರಗಳನ್ನು ಮೂಡಿಸುತ್ತ ಶಿಲ್ಪಕಲೆಯ ವಿಷಯವಾಗಿ ಮಾತನಾಡಿದರು. ಬಾದಾಮಿ ಬಂದಿತು, ಬೇಲೂರು ಬಂದಿತು, ಎಲ್ಲರೂ ತಲೆದೂಗಿದೆವು. ಕಡೆಗೆ ಅವರು ಇದ್ದಕ್ಕಿದ್ದಂತೆ ನಮ್ಮ ಕಾಲಕ್ಕೆ ಇಳಿದು, ಹಳೆಯ ಮಳಿಗೆಯೊಂದರ ಆವರಣದಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ನೂರಾರು ಒರಳುಕಲ್ಲುಗಳ ಚಿತ್ರವನ್ನು ತೋರಿಸಿ, "ಇದೂ ಶಿಲ್ಪವೇ" ಎಂದರು. ಅವರು ನಿಶ್ಚಯವಾಗಿ ಹೇಳಿದ ಮಾತನ್ನು ನಾವೆಲ್ಲ ಪ್ರಶ್ನೆಯೆಂದು ಕೇಳಿಸಿಕೊಂಡೆವು. ಹಿಂದಿನ ಸಾಲಿನಿಂದ ಯಾರೋ, "ಸಾರ್, ನಮ್ಮನೆ ಹಿತ್ತಲಲ್ಲೂ ಒಂದು ಶಿಲ್ಪ ಇದೆ, ಕೋಳಿಗೆ ನೀರು ಹಾಕ್ತೀವಿ" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

ನಕ್ಕೆನಾದರೂ ಮನೆಗೆ ಹೋದ ಮೇಲೆ ಆ ಚಿತ್ರ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ. ಮರುದಿನ ಅಧ್ಯಾಪಕರ ಬಳಿಗೆ ಹೋಗಿ ಆ ಕಲ್ಲುಗಳ ವಿಚಾರ ಕೇಳಿದೆ. ಅವರು ಎರಡು ದೊಡ್ಡ ಪುಸ್ತಕಗಳನ್ನು ಕೊಟ್ಟು, "ಓದಿ ಮುಗಿಸಿದ ಮೇಲೆ ಮ್ಯಾಗಜೀನಿಗೆ ಬರೆದುಕೊಡು" ಎಂದು ನನ್ನನ್ನು ಸಿಕ್ಕಿಸಿಬಿಟ್ಟರು. ನಾನು ಕಲೆಯನ್ನು ಶಾಸ್ತ್ರವಾಗಿ ಓದಿದವಳಲ್ಲ. ಕೃತಿಗಳನ್ನು ನೋಡಿರುವುದೂ ಚಿತ್ರಗಳಲ್ಲಿಯೇ. ಈ ಬರೆಹದಲ್ಲಿ ಪಾಂಡಿತ್ಯವನ್ನು ಹುಡುಕುವವರಿಗೆ ನಿರಾಶೆಯಾದೀತು.

ಒರಳುಕಲ್ಲುಗಳ ಆ ಕೃತಿಯನ್ನು ರಚಿಸಿದವರು ಶ್ರೀಮತಿ ಶೀಲಾ ಗೌಡ ಮತ್ತು ಅವರ ಪತಿ, ಸ್ವಿಟ್ಜರ್ಲೆಂಡಿನ ಕಲಾವಿದ ಕ್ರಿಸ್ಟೋಫ್ ಸ್ಟೋರ್ಜ್. ಶೀಲಾ ಗೌಡ ಅವರು ನಮ್ಮ ನಾಡಿನವರೇ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ 1979ರವರೆಗೆ ಕಲಿತು, ಶಾಂತಿನಿಕೇತನದಲ್ಲಿ 1982ರಲ್ಲಿ ವ್ಯಾಸಂಗ ಮುಂದುವರಿಸಿ ಮುಗಿಸಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಿಂದ 1986ರಲ್ಲಿ ಪದವಿ ಪಡೆದರು. ಇಲ್ಲೊಂದು ಸ್ವಾರಸ್ಯವಿದೆ. ಅವರು ಕಲಿತದ್ದೆಲ್ಲ ಚಿತ್ರಕಲೆ, ಶಿಲ್ಪವಲ್ಲ. ಬಣ್ಣ ಕುಂಚಗಳಿಂದ ಆರಂಭಿಸಿದವರು ತೊಂಬತ್ತರ ದಶಕದಲ್ಲಿ ಅವನ್ನು ಬದಿಗಿರಿಸಿ ಸೆಗಣಿಗೆ ಕೈಯಿಕ್ಕಿದರು. ಅನಂತರ ಕುಂಕುಮ, ದಾರ, ಸೂಜಿ, ತೆಂಗಿನ ನಾರು, ಊದುಬತ್ತಿಯ ಹಿಟ್ಟು, ಡಾಂಬರಿನ ಪೀಪಾಯಿ, ಮನುಷ್ಯರ ತಲೆಗೂದಲು, ಕಡೆಗೆ ಒರಳುಕಲ್ಲು. ಇವರು ಬೆಂಗಳೂರಿನಲ್ಲಿಯೇ ನೆಲೆಸಿ ಕೆಲಸ ಮಾಡುತ್ತಿರುವುದರಿಂದ ಈ ಸಾಮಗ್ರಿಗಳೆಲ್ಲ ನಮ್ಮ ಬೀದಿಯವು, ನಮ್ಮ ಅಡಿಗೆಮನೆಯವು. ಆದರೂ ಅವರ ಹೆಸರು ಮಿಲಾನ್, ಮ್ಯೂನಿಕ್ ನಗರಗಳಲ್ಲಿ ತಿಳಿದಿರುವಷ್ಟು ನಮ್ಮ ಕಾಲೇಜಿನಲ್ಲಿ ತಿಳಿದಿರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಬೇಕು.

ಈ ಬಗೆಯ ಕೃತಿಗೆ ಇಂಗ್ಲಿಷಿನಲ್ಲಿ ಇನ್‌ಸ್ಟಲೇಷನ್ ಎನ್ನುತ್ತಾರೆ. ಕನ್ನಡದಲ್ಲಿ ಪ್ರತಿಷ್ಠಾಪನ ಕಲೆ ಎಂಬ ಮಾತು ಬಳಕೆಗೆ ಬಂದಿದೆ. ಪ್ರತಿಷ್ಠಾಪನೆಯೆಂದೊಡನೆ ನಮಗೆ ದೇವರ ನೆನಪಾಗುವುದು ಸಹಜ. ಆದರೆ ದೇವರನ್ನು ಒಮ್ಮೆ ಪ್ರತಿಷ್ಠಾಪಿಸಿದರೆ ಅಲ್ಲಿಂದ ಕದಲಿಸುವಂತಿಲ್ಲ, ಇಲ್ಲಿಯದು ಹಾಗಲ್ಲ. ಒಂದು ಕೋಣೆಯನ್ನೋ ಅಂಗಳವನ್ನೋ ಆರಿಸಿಕೊಂಡು, ಆ ಸ್ಥಳಕ್ಕೆ ಹೊಂದುವಂತೆ ಪದಾರ್ಥಗಳನ್ನು ಹರಡಿ, ತೂಗಿ, ಜೋಡಿಸಿ, ಪ್ರದರ್ಶನ ಮುಗಿದ ಮೇಲೆ ಕಳಚಿಬಿಡುವುದು ಇದರ ಕ್ರಮ. ನಮ್ಮ ಗೌರಿ ಗಣೇಶರಿಗೇ ಇದು ಹತ್ತಿರವೆನ್ನಬಹುದೇನೋ. ಇನ್ನೊಂದು ಭೇದವೂ ಉಂಟು. ಪ್ರತಿಮೆಯನ್ನು ಎದುರಿಗೆ ನಿಂತು ನೋಡುತ್ತೇವೆ. ಇಂಥ ಕೃತಿಯ ಒಳಗೆ ನಡೆದುಹೋಗುತ್ತೇವೆ. ವಾಸನೆ, ನೆರಳು, ನಮ್ಮ ಹೆಜ್ಜೆಯ ಸದ್ದು, ಎಲ್ಲವೂ ಅದರ ಭಾಗವೇ.

ದಿನಬಳಕೆಯ ವಸ್ತುವನ್ನು ತಂದು ಕಲೆಯೆಂದು ಇಡುವುದು ಹೊಸದೇನಲ್ಲ. 1917ರಲ್ಲಿ ಮಾರ್ಸೆಲ್ ದ್ಯುಶಾಂ ಎಂಬ ಫ್ರೆಂಚ್ ಕಲಾವಿದನು ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಪಿಂಗಾಣಿಯ ಮೂತ್ರದ ಕುಂಡವನ್ನು ಸಹಿ ಹಾಕಿ ಕಳಿಸಿದ ಕಥೆ ಪ್ರಸಿದ್ಧವಾಗಿದೆ. ಆದರೆ ದ್ಯುಶಾಂ ತಂದದ್ದು ಅಂಗಡಿಯಿಂದ. ಯಾರೂ ಬಳಸದ ಹೊಸ ವಸ್ತು ಅದು. ಅದಕ್ಕೆ ಹಿಂದಿನ ಜನ್ಮವೇ ಇರಲಿಲ್ಲ. ಶೀಲಾ ಗೌಡ ಅವರ ಪದಾರ್ಥಗಳು ಕೈಯಿಂದ ಕೈಗೆ ಹಾದು, ಸವೆದು, ಬೆವರು ಕುಡಿದು ಬಂದವು. ಈ ಒಂದು ವ್ಯತ್ಯಾಸವನ್ನು ಹಿಡಿದುಕೊಂಡರೆ ಅವರ ಕೃತಿಗಳ ಬಾಗಿಲು ತೆರೆಯುವುದೆಂದು ನನಗೆ ತೋರುತ್ತದೆ.

ಸೆಗಣಿಯಿಂದಲೇ ಆರಂಭಿಸೋಣ. ಅಯೋಧ್ಯೆಯ ಮಸೀದಿಯನ್ನು ಕೆಡವಿದ 1992ರ ಡಿಸೆಂಬರ್, ಅದನ್ನು ಹಿಂಬಾಲಿಸಿದ ದಂಗೆಗಳು, ಇವುಗಳ ಸುತ್ತಮುತ್ತಲಿನ ವರ್ಷಗಳಲ್ಲಿ ಅವರು ಈ ಪದಾರ್ಥವನ್ನು ಕೈಗೆತ್ತಿಕೊಂಡರು. ಹಸು ಪೂಜ್ಯವೆಂದು ಘೋಷಣೆ ಕೂಗುವವರ ಕಾಲದಲ್ಲಿ, ಆ ಹಸುವಿನ ಸೆಗಣಿಯನ್ನು ದಿನವೂ ಬಾಚುವ ಕೈ ಯಾರದು? ಅಂಗಳ ಸಾರಿಸುವುದಕ್ಕೂ ಒಲೆ ಉರಿಸುವುದಕ್ಕೂ ಅದನ್ನು ಬಳಸುವವರು ಹೆಂಗಸರು. ಪೂಜೆಗೂ ಬರುವುದು, ಬಡವರ ಉರುವಲೂ ಆಗುವುದು. 1996ರ 'ಮಾರ್ಟರ್ ಲೈನ್' ಎಂಬ ಕೃತಿಯಲ್ಲಿ ಸೆಗಣಿಯ ಇಟ್ಟಿಗೆಗಳನ್ನು ನೆಲದ ಮೇಲೆ ಸಾಲಾಗಿ ಕಟ್ಟಿ, ಗಾರೆಯಿರಬೇಕಾದ ಸಂದಿನಲ್ಲಿ ಕುಂಕುಮದ ಕೆಂಪನ್ನು ತುಂಬಿರುವರು. ಗೋಡೆಯೆನ್ನುವಷ್ಟು ಎತ್ತರವಿಲ್ಲ. ಆದರೆ ದಾಟಲು ಮನಸ್ಸು ಹಿಂಜರಿಯುತ್ತದೆ. ಒಳಗಿನ ಕೆಂಪು ಗಾಯದ ಹಾಗೆ ಕಾಣುತ್ತದೆ.

ಈ ಕುಂಕುಮ ಮತ್ತೆ ಮತ್ತೆ ಬರುವುದು. 1998ರಲ್ಲಿ ರಚಿಸಿದ ಒಂದು ಕೃತಿಯ ಹೆಸರಿಗೆ 'ನನ್ನ ನೋವನ್ನು ಅವನಿಗೆ ಹೇಳು' ಎಂಬ ಅರ್ಥ ಬರುತ್ತದೆ. ಅದರ ಕೆಲಸದ ರೀತಿಯನ್ನು ಕೇಳಿದರೆ ಕೈ ಸೋಲುತ್ತದೆ. ಒಂದು ಸೂಜಿ ತೆಗೆದುಕೊಳ್ಳುವುದು. ನೂರಾರು ಅಡಿ ಉದ್ದದ ದಾರವನ್ನು ಅದರ ಕಣ್ಣಿನಲ್ಲಿ ಪೋಣಿಸಿ, ಅರ್ಧದವರೆಗೂ ಎಳೆಯುವುದು. ಮತ್ತೊಂದು ಸೂಜಿ, ಮತ್ತೊಂದು ದಾರ. ಹೀಗೆ ಹತ್ತಾರು ಎಳೆಗಳು ಸೇರಿದ ಮೇಲೆ ಕುಂಕುಮವನ್ನು ಅಂಟಿನಲ್ಲಿ ಕಲಸಿ ಉದ್ದಕ್ಕೂ ಕೈಯಿಂದ ಸವರಿ ಒಂದೇ ಹುರಿಯಾಗಿ ಮಾಡುವುದು. ಆ ಕೆಂಪು ಹುರಿ ಗೋಡೆಯಿಂದ ಇಳಿದು ನೆಲದಲ್ಲಿ ಸುರುಳಿಯಾಗಿ ಮತ್ತೆ ಮೇಲೇರುತ್ತದೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತಿರುತ್ತವೆ. ದೂರದಿಂದ ನೋಡಿದವರಿಗೆ ಗಾಳಿಯಲ್ಲಿ ಎಳೆದ ಒಂದು ಗೆರೆ. ಹತ್ತಿರ ಹೋದವರಿಗೆ ಹೊಕ್ಕುಳ ಬಳ್ಳಿಯೋ ಕರುಳೋ ಎನ್ನಿಸಬಹುದು. ನನಗಂತೂ ಮೊದಲು ತೋಚಿದ್ದು, ಅಷ್ಟು ದಾರ ಪೋಣಿಸಿದವರ ಕಣ್ಣು ಎಷ್ಟು ನೊಂದಿರಬೇಕೆಂಬುದು. ಚಿತ್ರಕಾರ್ತಿಯಾಗಿ ಕಲಿತವರು ಗೆರೆಯನ್ನು ಬಿಟ್ಟಿಲ್ಲ. ಕುಂಚದ ಬದಲು ಸೂಜಿ ಹಿಡಿದಿದ್ದಾರೆ, ಅಷ್ಟೆ.

ಕೂದಲಿನ ಕೃತಿಗೆ ಬಂದರೆ ಕಥೆ ಇನ್ನೂ ದೊಡ್ಡದು. ನಮ್ಮ ಲಾರಿ, ಕಾರು, ಆಟೋಗಳ ಮುಂಭಾಗದಲ್ಲಿ ಕರಿಯ ಹುರಿಯೊಂದನ್ನು ಕಟ್ಟಿರುವುದನ್ನು ಎಲ್ಲರೂ ಕಂಡಿದ್ದೇವೆ. ದೃಷ್ಟಿ ತಾಗದಿರಲೆಂದು, ಅಪಘಾತವಾಗದಿರಲೆಂದು ಕಟ್ಟುತ್ತಾರೆ. ಇದರಲ್ಲಿ ಮನುಷ್ಯರ ಕೂದಲಿನಿಂದ ಹೆಣೆದ ಹುರಿಯೂ ಉಂಟು. ಆ ಕೂದಲು ಬರುವುದು ದೇವಸ್ಥಾನಗಳಲ್ಲಿ ಹರಕೆ ಹೊತ್ತು ಮುಡಿ ಕೊಟ್ಟವರ ತಲೆಯಿಂದ. ಉದ್ದನೆಯ ಒಳ್ಳೆಯ ಕೂದಲು ಹರಾಜಾಗಿ, ಚವರಿಗಾಗಿ ಮತ್ತು ಟೋಪನ್ನುಗಳಿಗಾಗಿ ಹೊರದೇಶಗಳಿಗೆ ಹೋಗುತ್ತದೆ. ಬೆಲೆ ಬಾರದ ಗಿಡ್ಡ ಕೂದಲು ಉಳಿಯುತ್ತದಷ್ಟೆ. ಅದು ಹುರಿಯಾಗಿ ವಾಹನಗಳಿಗೆ ಬರುತ್ತದೆ. ಒಬ್ಬರು ದೇವರಿಗೆ ಒಪ್ಪಿಸಿ ಬಂದ ಅಹಂಕಾರವನ್ನು ಇನ್ನೊಬ್ಬರು ರಕ್ಷೆಯೆಂದು ಕೊಂಡು ಕಟ್ಟಿಕೊಳ್ಳುತ್ತಾರೆ! ಇದನ್ನು ಬಗೆದು ನೋಡಿದವರು ಎಷ್ಟು ಮಂದಿ?

2009ರ ವೆನಿಸ್ ಬಿಯೆನಾಲೆಯಲ್ಲಿ ಶೀಲಾ ಗೌಡ ಅವರು 'ಬಿಹೋಲ್ಡ್', ಎಂದರೆ 'ಇಗೋ ನೋಡು', ಎಂಬ ಕೃತಿಯನ್ನು ಇರಿಸಿದರು. ಕೈಯಿಂದ ಹೆಣೆದ ಕೂದಲಿನ ಹುರಿ ಸುಮಾರು 4 ಕಿಲೋಮೀಟರು. ಅದರೊಡನೆ ಹಳೆಯ ಕಾರುಗಳ ಸುಮಾರು 20 ಉಕ್ಕಿನ ಬಂಪರುಗಳು. ಇಷ್ಟೇ ಸಾಮಗ್ರಿ. ಹೊಳೆಯುವ ಬಂಪರುಗಳು ಕೂದಲಿನ ಹುರಿಗಳ ಆಸರೆಯಲ್ಲಿ ತೂಗಾಡುತ್ತವೆ. ಹುರಿಗಳು ಗೋಡೆಯುದ್ದಕ್ಕೂ ಜೋಲುಬಿದ್ದು ನೆಲದಲ್ಲಿ ರಾಶಿಯಾಗಿ ಬಿದ್ದಿರುತ್ತವೆ. ಬೀದಿಯಲ್ಲಿ ಬಂಪರು ಹುರಿಯನ್ನು ಹೊತ್ತಿತ್ತು. ಇಲ್ಲಿ ಹುರಿ ಬಂಪರನ್ನು ಹೊತ್ತಿದೆ. ಕಲಾವಿದೆ ಮಾಡಿದ ಬದಲಾವಣೆ ಇದೊಂದೇ ಎನ್ನಬೇಕು. ಆದರೆ ಆ ಒಂದು ಬದಲಾವಣೆಯಿಂದ, ಕಣ್ಣಿಗೆ ಬೀಳದ ಬಡವರ ಕೂದಲು ಎಷ್ಟು ಭಾರ ಹೊರುತ್ತದೆಂಬುದು ಕಾಣಿಸಿಬಿಡುತ್ತದೆ. ಈಗ ಈ ಕೃತಿ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಯಾವ ಊರಿನ, ಯಾವ ತಾಯಿ ಮಗುವಿನ ಜ್ವರ ಇಳಿಯಲೆಂದು ಹೊತ್ತ ಹರಕೆಯ ಕೂದಲೋ, ಅಲ್ಲಿ ಹೋಗಿ ನೆಲೆನಿಂತಿದೆ.

ಡಾಂಬರಿನ ಪೀಪಾಯಿಗಳ ಕೃತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ರಸ್ತೆ ಹಾಕುವ ಕೂಲಿಗಳು ಖಾಲಿ ಪೀಪಾಯಿಯನ್ನು ಸೀಳಿ, ಬಡಿದು ತಗಡು ಮಾಡಿ, ರಸ್ತೆಯ ಪಕ್ಕದಲ್ಲೇ ಗುಡಿಸಲು ಕಟ್ಟಿಕೊಳ್ಳುತ್ತಿದ್ದುದು ಹೆದ್ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. 2006ರ 'ಡಾರ್ಕ್‌ರೂಮ್' ಅಂಥದೇ ಒಂದು ಮನೆ. ಮುಂದುಗಡೆ ಇಡೀ ಪೀಪಾಯಿಗಳು ಅರಮನೆಯ ಕಂಬಗಳಂತೆ ನಿಂತಿವೆ. ಬಾಗಿ, ತೆವಳಿಕೊಂಡು ಒಳಗೆ ಹೋಗಬೇಕು. ಒಳಗೆ ಕತ್ತಲೆ. ತಲೆಯೆತ್ತಿದರೆ ತಗಡಿನ ಚಾವಣಿಯಲ್ಲಿ ಕೊರೆದ ತೂತುಗಳಿಂದ ಬೆಳಕು ಬಂದು ನಕ್ಷತ್ರಗಳ ಆಕಾಶವಾಗಿದೆ. 2008ರಲ್ಲಿ ಇದೇ ಪೀಪಾಯಿ, ತಗಡು, ಹಳದಿ ನೀಲಿ ಟಾರ್ಪಾಲುಗಳನ್ನು ಸೇರಿಸಿ ಇನ್ನೊಂದು ಕೃತಿ ಮಾಡಿದರು. ಅದಕ್ಕೆ ಇಟ್ಟ ಹೆಸರು ಮಾತ್ರ ಅಪ್ಪಟ ಕನ್ನಡದ್ದು: 'ಕಾಗೆಬಂಗಾರ'. ಅಭ್ರಕಕ್ಕೆ ನಾವು ಹೇಳುವ ಹೆಸರು. ಹೊರದೇಶದ ಪುಸ್ತಕಗಳಲ್ಲಿ ಈ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೆಯೇ ಅಚ್ಚುಹಾಕಿದ್ದಾರೆ. ಬಾಲ್ಯದಲ್ಲಿ ಹೊಳೆಯ ದಂಡೆಯ ಮರಳಿನಲ್ಲಿ ಹೆಕ್ಕಿ, ಬಂಗಾರವೆಂದು ಜೇಬಿನಲ್ಲಿಟ್ಟುಕೊಂಡ ಆ ಮಿನುಗುವ ಚೂರನ್ನು ಕಂಡರಿಯದವರಿಗೆ ಆ ಪದ ಏನು ಹೇಳೀತೆಂದು ನನಗೆ ಕುತೂಹಲ.

ಇನ್ನು ಊದುಬತ್ತಿ. ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ನಾನು ಪಿ.ಯು. ಓದುವಾಗ ನಮ್ಮ ತಾಯಿ ಮನೆಯಲ್ಲಿ ಕುಳಿತು ಊದುಬತ್ತಿ ಹೊಸೆಯುತ್ತಿದ್ದರು. ಇದ್ದಿಲ ಪುಡಿ, ಮರದ ತೊಗಟೆಯಿಂದ ಮಾಡಿದ ಜಿಗಟು, ನೀರು. ಇವನ್ನು ಕಲಸಿ, ಬಿದಿರ ಕಡ್ಡಿಗೆ ಅಂಗೈಯಿಂದ ಹೊಸೆದು, ಒಣಗಿಸಿ, ಲೆಕ್ಕ ಮಾಡಿ ಕೊಡಬೇಕು. ಸಾವಿರ ಕಡ್ಡಿಗೆ ಇಷ್ಟೆಂದು ಕೂಲಿ. ಪರಿಮಳ ಹಾಕುವುದು ಆಮೇಲೆ, ಬೇರೆ ಕಡೆ. ಆದುದರಿಂದ ಊದುಬತ್ತಿ ಹೊಸೆಯುವ ಮನೆಯಲ್ಲಿ ಗಂಧದ ವಾಸನೆಯಿರುವುದಿಲ್ಲ, ಇದ್ದಿಲ ದೂಳಿರುತ್ತದೆ. ತಾಯಿಯ ಅಂಗೈಯ ಗೆರೆಗಳಲ್ಲಿ ಕಪ್ಪು ಕೂತಿರುತ್ತಿತ್ತು. ನನ್ನ ಶುಲ್ಕ ಬಂದದ್ದು ಆ ಕೈಯಿಂದ. ಆದರೂ ಗೆಳತಿಯರು ಮನೆಗೆ ಬರುವ ದಿನ ಮಣೆಯನ್ನು ಒಳಗೆ ಬಚ್ಚಿಡೆಂದು ಹೇಳುತ್ತಿದ್ದೆ.

ಅದೇ ಕರಿಯ ಹಿಟ್ಟು ಜರ್ಮನಿಯ ಕಾಸೆಲ್ ನಗರದಲ್ಲಿ 2007ರಲ್ಲಿ ನಡೆದ ಡಾಕ್ಯುಮೆಂಟಾ ಎಂಬ ಮಹಾಪ್ರದರ್ಶನದಲ್ಲಿತ್ತು. ಕೃತಿಯ ಹೆಸರು 'ಕೊಲ್ಯಾಟರಲ್'. ಇಂಗ್ಲಿಷಿನಲ್ಲಿ ಈ ಪದಕ್ಕೆ ಸಾಲಕ್ಕೆ ಇಟ್ಟ ಅಡಮಾನವೆಂಬ ಅರ್ಥವಿದೆ. ಯುದ್ಧದಲ್ಲಿ ಗುರಿಯಲ್ಲದ ಅಮಾಯಕರು ಸತ್ತಾಗ ಸೇನೆಯವರು ಬಳಸುವ ಮಾತಿನಲ್ಲಿಯೂ ಅದು ಸೇರಿದೆ. ಊದುಬತ್ತಿಯ ಹಿಟ್ಟನ್ನು ತೆಳ್ಳಗೆ ನಾದಿ, ನೆಲದಿಂದ ತುಸು ಮೇಲಿರುವ ಜಾಲರಿಯ ಚೌಕಟ್ಟುಗಳ ಮೇಲೆ ಬಗೆಬಗೆಯ ಆಕಾರಗಳಲ್ಲಿ ಹಾಸಿ, ಬೆಂಕಿ ತಗುಲಿಸಿದರು. ಅದು ಜ್ವಾಲೆಯಿಲ್ಲದೆ, ಅವಸರವಿಲ್ಲದೆ ಉರಿದು, ಹಾಸಿದ ಆಕಾರದಲ್ಲಿಯೇ ಬೂದಿಯಾಗಿ ಉಳಿಯಿತು. ನೋಡಲು ಬಂದವರ ಕಣ್ಣಿಗೆ ಬಿದ್ದದ್ದು ಆ ಬೂದಿ. ಊದಿದರೆ ಹಾರಿಹೋಗುವಷ್ಟು ಹಗುರ. ವಿಮಾನದಿಂದ ಕಂಡ, ಸುಟ್ಟುಹೋದ ಊರಿನ ಹಾಗಿದೆ ಆ ಚಿತ್ರ.

ಅದನ್ನು ಮನೆಗೆ ಒಯ್ದು ತಾಯಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಜಿಗಟು ಚೆನ್ನಾಗಿ ಹಾಕಿದಾರೆ ಮಗಾ, ಇಲ್ದಿದ್ರೆ ಬೂದಿ ಹಿಂಗೆ ನಿಲ್ಲಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇಷ್ಟು ಹಿಟ್ಟು ಕಲಸಿದೋರಿಗೆ ಕೂಲಿ ಏನು ಕೊಟ್ರಂತೆ?" ಎಂದು ಕೇಳಿದರು. ಪುಸ್ತಕದಲ್ಲಿ ಅದಿರಲಿಲ್ಲ.

ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ನಮ್ಮ ತರಗತಿಯ ಗೆಳೆಯರೊಬ್ಬರೂ ಎತ್ತಿದರು. ಹುರಿ ಹೆಣೆದವರು ಯಾರೋ, ಕಲ್ಲು ಕಡೆದವರು ಯಾರೋ, ಹೆಸರು ಮಾತ್ರ ಕಲಾವಿದರದು. ಇದು ನ್ಯಾಯವೇ ಎಂದು ಅವರ ವಾದ. ಇದಕ್ಕೆ ನನ್ನಲ್ಲಿ ಪೂರ್ತಿಯಾದ ಉತ್ತರವಿಲ್ಲ. ಬೇಲೂರಿನಲ್ಲಿ ದಾಸೋಜನು ಹೆಸರು ಕೆತ್ತಿಕೊಂಡ. ಮಲ್ಲಿತಮ್ಮನ ಹೆಸರು ಎಷ್ಟೋ ಹೊಯ್ಸಳ ಗುಡಿಗಳಲ್ಲಿದೆ. ಬಂಡೆ ಒಡೆದವರ, ಅದನ್ನು ಎಳೆದು ತಂದವರ ಹೆಸರು ಅಲ್ಲಿಯೂ ಇಲ್ಲವಷ್ಟೆ. ಆದರೆ ಒಂದು ಭೇದವನ್ನು ಗಮನಿಸಬೇಕು. ಬೇಲೂರಿನ ಮದನಿಕೆಯನ್ನು ನೋಡುವಾಗ ಕಲ್ಲು ಹೊತ್ತವನ ಬೆನ್ನು ನಮಗೆ ನೆನಪಾಗುವುದಿಲ್ಲ. ನೆನಪಾಗದಿರಲೆಂದೇ ಶಿಲ್ಪಿ ಕಲ್ಲನ್ನು ಹೂವಾಗಿಸಿದ್ದಾನೆ. ಶೀಲಾ ಗೌಡ ಅವರ ಕೃತಿಯಲ್ಲಿ ಕಲ್ಲು ಕಲ್ಲಾಗಿಯೇ, ಕೂದಲು ಕೂದಲಾಗಿಯೇ ಉಳಿಯುತ್ತದೆ. ದುಡಿದ ಕೈ ಮರೆಯಾಗುವುದಿಲ್ಲ. ನಮ್ಮ ಕಾಲದ ಮತ್ತೊಬ್ಬ ಹಿರಿಯ ಶಿಲ್ಪಿ, ಘಾನಾದಲ್ಲಿ 1944ರಲ್ಲಿ ಹುಟ್ಟಿ ನೈಜೀರಿಯಾದಲ್ಲಿ ಬಹುಕಾಲ ಪಾಠ ಹೇಳಿದ ಎಲ್ ಅನಾಟ್ಸುಯಿ ಅವರು, ಹೆಂಡದ ಬಾಟಲಿಗಳ ಮುಚ್ಚಳಗಳನ್ನು ಚಪ್ಪಟೆ ಮಾಡಿ ತಾಮ್ರದ ತಂತಿಯಿಂದ ಹೆಣೆದು ಜರತಾರಿಯಂಥ ಮಹಾವಸ್ತ್ರಗಳನ್ನು ಮಾಡುತ್ತಾರೆ. ಕಸವು ಪೀತಾಂಬರವಾಗುವ ಆ ಬೆರಗು ಬಹಳ ದೊಡ್ಡದು. ಮೊದಲ ನೋಟಕ್ಕೇ ಮನಸ್ಸನ್ನು ಗೆಲ್ಲುತ್ತದೆ. ಶೀಲಾ ಗೌಡ ಅವರು ಆ ಬೆರಗನ್ನು ಬೇಕೆಂದೇ ಬಿಟ್ಟುಕೊಟ್ಟಿರುವರೆಂದು ತೋರುತ್ತದೆ. ಅದಕ್ಕಾಗಿಯೇ ಅವರ ಕೃತಿ ಮೊದಲ ನೋಟಕ್ಕೆ ನಗು ಬರಿಸುತ್ತದೆ. ನಮ್ಮ ತಾಯಿ ಕೇಳಿದ ಕೂಲಿಯ ಪ್ರಶ್ನೆ ಹುಟ್ಟಿದ್ದೂ ಅದಕ್ಕಾಗಿಯೇ. ಯಾವುದಾದರೂ ಸುಂದರವಾದ ಪ್ರತಿಮೆಯನ್ನು ತೋರಿಸಿದ್ದರೆ ಅವರು ಕೈಮುಗಿದು ಸುಮ್ಮನಾಗುತ್ತಿದ್ದರು.

ಈಗ ಒರಳುಕಲ್ಲುಗಳು. ಅವುಗಳ ಕೃತಿಯ ಹೆಸರು 'ಸ್ಟಾಪ್‌ಓವರ್', ಎಂದರೆ ನಡುದಾರಿಯ ತಂಗುವಿಕೆ. ಕೇರಳದಲ್ಲಿ 2012ರ ಡಿಸೆಂಬರ್ 12ರಂದು ಮೊದಲ ಕೊಚ್ಚಿ ಮುಜಿರಿಸ್ ಬಿಯೆನಾಲೆ ಆರಂಭವಾದಾಗ ಇದನ್ನು ಅಲ್ಲಿಯ ಆಸ್ಪಿನ್‌ವಾಲ್ ಹೌಸಿನಲ್ಲಿ ಇರಿಸಿದ್ದರು. 1867ರಲ್ಲಿ ಸ್ಥಾಪಿತವಾದ ಒಂದು ಇಂಗ್ಲಿಷ್ ವ್ಯಾಪಾರಸಂಸ್ಥೆಯ ಮಳಿಗೆ ಅದು. ಮೆಣಸು, ಕೊಬ್ಬರಿ ಎಣ್ಣೆ, ಮರಮಟ್ಟು ಹಡಗು ಹತ್ತುತ್ತಿದ್ದ ಸ್ಥಳ. ಬೆಂಗಳೂರಿನ ಬೀದಿಗಳಲ್ಲಿ ಬಿದ್ದಿದ್ದ ಸುಮಾರು 170 ಒರಳುಕಲ್ಲುಗಳನ್ನು ಅಲ್ಲಿಗೆ ಸಾಗಿಸಿ, ಆವರಣದಿಂದ ನೀರಿನ ಕಡೆಗೆ ಹರಡಿದರು. ಸಂಬಾರ ಹೋಗುತ್ತಿದ್ದ ದಾರಿಯಲ್ಲಿ, ಸಂಬಾರ ಅರೆದ ಕಲ್ಲುಗಳು ಹಡಗಿಗೆ ಕಾದು ಕುಳಿತ ಹಾಗೆ.

ಬೀದಿಯಲ್ಲೇಕೆ ಬಿದ್ದಿದ್ದುವು? ಮಿಕ್ಸಿ, ಗ್ರೈಂಡರುಗಳು ಬಂದವು, ಹಳೆಯ ಮನೆ ಕೆಡವಿ ಮಹಡಿ ಕಟ್ಟಿದರು, ಒರಳಿಗೆ ಜಾಗವಿಲ್ಲ. ಆದರೆ ಅದನ್ನು ಒಡೆಯುವಂತಿಲ್ಲ. ಅನ್ನ ಕೊಟ್ಟ ಕಲ್ಲು, ಅದರಲ್ಲಿ ಮನೆಯ ಲಕ್ಷ್ಮಿಯಿದ್ದಾಳೆಂಬ ನಂಬಿಕೆ. ಮಾರುವಂತೆಯೂ ಇಲ್ಲ, ಕೊಳ್ಳುವವರಾರು? ಆದುದರಿಂದ ಬಾಗಿಲಿನಾಚೆ ಬೀದಿಯ ಅಂಚಿನಲ್ಲೋ ಮರದ ಬುಡದಲ್ಲೋ ಇಟ್ಟು ಕೈತೊಳೆದುಕೊಳ್ಳುತ್ತಾರೆ. ಮನೆಯದೂ ಅಲ್ಲ, ಕಸವೂ ಅಲ್ಲ. ಈ ನಡುವಣ ಸ್ಥಿತಿಯನ್ನು ಕಲಾವಿದರಿಬ್ಬರು ಕಣ್ಣಿಟ್ಟು ನೋಡಿದರು. ನಾವು ದಿನವೂ ಆ ಕಲ್ಲುಗಳ ಮೇಲೆ ಕುಳಿತು ಬಸ್ಸು ಕಾಯುತ್ತೇವೆ.

ಆ ಸಂಜೆ ನಾನು ನಕ್ಕು ಮನೆಗೆ ಹೋದ ಮೇಲೆ ಚಿತ್ರ ಬಿಡದೆ ಕಾಡಿದ್ದಕ್ಕೆ ಕಾರಣ ಇದು. ಆರು ವರ್ಷದ ಹಿಂದೆ ನಮ್ಮ ಅಡಿಗೆಮನೆಗೆ ಟೈಲ್ಸ್ ಹಾಕಿಸಿದಾಗ ನೆಲದಲ್ಲಿ ಹೂತಿದ್ದ ಒರಳನ್ನು ಕೀಳಿಸಿದರು. ಗಾರೆಯವನು ಸುತ್ತಿಗೆ ಎತ್ತಿದ. ಅಜ್ಜಿ ಅಡ್ಡ ಬಂದರು. ಕಡೆಗೆ ನಾಲ್ಕು ಆಳುಗಳು ಹಗ್ಗ ಕಟ್ಟಿ ಎಳೆದು ಅರಳಿಕಟ್ಟೆಯ ಬಳಿ ಬಿಟ್ಟುಬಂದರು. ಅಜ್ಜಿ ಹಿಂದೆಯೇ ಹೋಗಿ, ಒಂದು ತಂಬಿಗೆ ನೀರು ಹೊಯ್ದು, ಅರಿಶಿನ ಕುಂಕುಮ ಇಟ್ಟು, ತಿರುಗಿ ನೋಡದೆ ಬಂದರು. ಆಗ ನನಗೆ ಅದು ಹಳೆಯ ಕಾಲದವರ ಗೊಡ್ಡು ಎನ್ನಿಸಿತ್ತು. ಆ ಮೇಲೆ ಕಟ್ಟೆಯ ಮುಂದೆ ಎಷ್ಟು ಸಲ ಓಡಾಡಿದ್ದೇನೆಯೋ. ಒಮ್ಮೆಯೂ ಕಲ್ಲಿನ ಕಡೆ ನೋಡಿದ ನೆನಪಿಲ್ಲ.

ಕೊಚ್ಚಿಯ ಚಿತ್ರವನ್ನು ಅಜ್ಜಿಗೂ ತೋರಿಸಿದೆ. ಕಲೆಯೆಂದು ಹೇಳಲಿಲ್ಲ, ಬೆಂಗಳೂರಿನವರು ಬಿಸಾಕಿದ ಕಲ್ಲುಗಳೆಂದಷ್ಟೇ ಹೇಳಿದೆ. ಅಜ್ಜಿಗೆ ಓದು ಬಾರದು. ಚಿತ್ರದ ಮೇಲೆ ಬೆರಳಿಟ್ಟು ಒಂದೊಂದೇ ಕಲ್ಲನ್ನು ನೋಡುತ್ತ ಹೋದರು. "ಇದು ದೊಡ್ಡ ಸಂಸಾರದ್ದು ಕಣೆ, ಬಾಯಿ ನೋಡು ಎಷ್ಟು ಅಗಲ." "ಇದು ಮದುವೇಲಿ ಕೊಟ್ಟಿದ್ದಿರಬೇಕು, ಹೆಚ್ಚು ಸವೆದಿಲ್ಲ, ಪಾಪ, ಏನಾಯ್ತೋ." "ಇದನ್ನ ಬಲಗೈಲಿ ರುಬ್ಬಿಲ್ಲ." ಹೀಗೆ ಅವರು ಹೇಳುತ್ತಾ ಹೋದಾಗ, ನಮ್ಮ ಅಧ್ಯಾಪಕರು ಶಿಲಾಬಾಲಿಕೆಯ ಒಡವೆಗಳನ್ನು ವಿವರಿಸಿದ ರೀತಿಯೇ ನೆನಪಿಗೆ ಬಂದಿತು. ಅಜ್ಜಿಯ ವಿವರಣೆಗಳೆಲ್ಲ ನಿಜವೋ ಊಹೆಯೋ ನಾನರಿಯೆ. ಆದರೆ 170 ಕಲ್ಲುಗಳು ಒಂದೇ ಬಗೆಯವೆಂದು ಸಭಾಂಗಣದಲ್ಲಿ ನಕ್ಕವರು ನಾವು. ಎರಡು ಕಲ್ಲು ಒಂದೇ ತೆರನಾಗಿಲ್ಲವೆಂದು ಕಂಡವರು ಅವರು.

2019ರಲ್ಲಿ ಶೀಲಾ ಗೌಡ ಅವರಿಗೆ ಮಾರಿಯಾ ಲಾಸ್ನಿಗ್ ಪ್ರಶಸ್ತಿ ಬಂದಿತು. ಅದೇ ವರ್ಷ ಮಿಲಾನಿನ ಹ್ಯಾಂಗರ್ ಬಿಕೋಕಾದಲ್ಲಿ, ಹಿಂದೆ ರೈಲಿನ ಎಂಜಿನುಗಳು ತಯಾರಾಗುತ್ತಿದ್ದ ಕಾರ್ಖಾನೆಯ ಜಾಗದಲ್ಲಿ, 'ರಿಮೇನ್ಸ್' ಎಂಬ ಹೆಸರಿನಿಂದ ಅವರ ಕೃತಿಗಳ ದೊಡ್ಡ ಪ್ರದರ್ಶನ ನಡೆಯಿತು. ಮರುವರ್ಷ ಮ್ಯೂನಿಕ್ಕಿನಲ್ಲಿ. ಅಂಥದೊಂದು ಕೃತಿ ನಮ್ಮ ಜಿಲ್ಲೆಯ ಯಾವುದಾದರೂ ಹಳೆಯ ಅಕ್ಕಿ ಗಿರಣಿಯಲ್ಲೋ ಸಂತೆ ಮಾಳದಲ್ಲೋ ಬಂದು ಇಳಿಯುವಂತಾದರೆ, ಮೊದಲು ಹೋಗಿ ನೋಡುವವರು ಕಲಾವಿಮರ್ಶಕರಾಗಿರುವುದಿಲ್ಲ ಎಂಬುದು ಖಂಡಿತ. ನಮ್ಮ ಅಜ್ಜಿಯನ್ನು ನಾನೇ ಕರೆದುಕೊಂಡು ಹೋಗುತ್ತೇನೆ.

ದೀಪಾವಳಿಯ ರಜೆಯಲ್ಲಿ ಅರಳಿಕಟ್ಟೆಗೆ ಹೋಗಿ ನಮ್ಮ ಒರಳನ್ನು ನೋಡಿ ಬಂದೆ. ಮಳೆಯ ನೀರು ತುಂಬಿ, ಅದರಲ್ಲಿ ಅರಳಿ ಎಲೆ ಕೊಳೆಯುತ್ತಿತ್ತು. ಎಲೆ ತೆಗೆದು, ನೀರು ಚೆಲ್ಲಿ, ಒಳಗೆ ಕೈಯಿಟ್ಟೆ. ಒಂದು ಪಕ್ಕ ಮಾತ್ರ ಗಾಜಿನಷ್ಟು ನುಣುಪಾಗಿದೆ. ಅಜ್ಜಿಯೂ, ಅವರ ಅತ್ತೆಯೂ, ಆಮೇಲೆ ನಮ್ಮ ತಾಯಿಯೂ ಕುಳಿತು ರುಬ್ಬುತ್ತಿದ್ದ ಪಕ್ಕ ಅದು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಗುಂಡಪ್ಪನೆಂದು ಕರೆದು, ತೊಟ್ಟಿಲಿನಲ್ಲಿ ಮಲಗಿಸುವ ಶಾಸ್ತ್ರವಿದೆ. ನನಗಿಂತ ಮೊದಲು ನನ್ನ ತೊಟ್ಟಿಲಿನಲ್ಲಿ ಮಲಗಿದ್ದ ಆ ಗುಂಡು ಕಟ್ಟೆಯ ಬಳಿ ಇರಲಿಲ್ಲ. ಯಾರೋ ಒಯ್ದರೆಂದು ಅಜ್ಜಿಗೆ ಬಂದು ಹೇಳಿದೆ. ಅವರು ಎದ್ದು ಹೋಗಿ ಕೋಣೆಯ ಬಾಗಿಲನ್ನು ಸರಿಸಿದರು. ಗುಂಡು ಅದರ ಹಿಂದಿತ್ತು. ಆರು ವರ್ಷದಿಂದ ಆ ಬಾಗಿಲು ಗಾಳಿಗೆ ಬಡಿಯದಂತೆ ತಡೆದಿದ್ದುದು ಅದೇ.